ಬಂಪರಿನ ನಿಂಬೆಹಣ್ಣು

ಹೊಸಪೇಟೆಯಲ್ಲಿ ನನ್ನದು ಲಾರಿ ವೈರಿಂಗ್ ಅಂಗಡಿ. ಫ್ಯೂಸು ಕಿತ್ತು ಗಾಡಿ ಓಡಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರ ಪೈಕಿ ಮೊದಲಿಗರು ಅಕ್ಕನ ಗಂಡ, ನಮ್ಮ ಮಾವ. ಕಂಪ್ಲಿಯಿಂದ ಸಂಡೂರಿನ ಕಡೆ ಲಾರಿಯಲ್ಲಿ ಭತ್ತದ ಹುಲ್ಲು ಸಾಗಿಸುತ್ತಾರೆ. ಗಿರಾಕಿಗಳ ಜೊತೆ ಮಾತಾಡುವುದು ಅಕ್ಕನ ಕೆಲಸ, ಹಾಗಾಗಿ ಅವಳೂ ಲಾರಿಯಲ್ಲೇ ಇರುತ್ತಾಳೆ.

ಹೋದ ವರ್ಷ ಬಂಪರಿಗೆ ಎರಡು ಹೆಚ್ಚಿನ ದೀಪ ಹಾಕಿಸಿಕೊಂಡರು. ದಪ್ಪ ವೈರು ಎಳೆದು, ರಿಲೇ ಕೂರಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸು ಹಾಕಿದೆ.

"ವೈರು ಎಲ್ಲೇ ತಾಗಿದ್ರೂ ಮೊದಲು ಇದು ಸುಡತೈತಿ, ಲಾರಿ ಉಳಿತೈತಿ. ಮುಟ್ಟಬ್ಯಾಡ್ರಿ ಮಾವ."

"ಆತ್ ಬಿಡಪ" ಅಂದರು. ನಾನು ಕೈ ತೊಳೆದು ಬರುವಷ್ಟರಲ್ಲಿ ದೀಪಕ್ಕೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಕಟ್ಟಿಯಾಗಿತ್ತು.

ಮರುದಿನವೇ ಫೋನು. ಫ್ಯೂಸು ಸುಟ್ಟಿದೆ. "ದೀಪ ಭಾಳ ಚಂದ ಕಾಣ್ತಾವಲೇ, ದೃಷ್ಟಿ ಆಗೇತಿ. ಇನ್ನೊಂದು ಸರ ಕಟ್ಟೀನಿ." ಹೊಸ ಫ್ಯೂಸೂ ಸುಟ್ಟಿತು. ಮೂರನೇ ಸರ ಕಟ್ಟಿದರು. ಗಾಡಿ ತನ್ನಿ ಎಂದು ಬಡಕೊಂಡೆ, ಯಾರು ಕೇಳುತ್ತಾರೆ!

ಕಡೆಗೊಂದು ಬೆಳಿಗ್ಗೆ ಹುಲ್ಲು ತುಂಬಿಕೊಂಡೇ ಬಂದರು. ಬಂಪರು ಸಂತೆಯ ತರಕಾರಿ ಅಂಗಡಿಯಾಗಿತ್ತು. "ಈಗ ನೋಡು, ಸುಡಂಗಿಲ್ಲ" ಅಂದು ಸ್ವಿಚ್ಚು ಒತ್ತಿದರು. ಸರದ ತಂತಿ ಕೆಂಪಗೆ ಕಾಯಿತು, ಮೆಣಸಿನಕಾಯಿ ಚಟಪಟ ಹುರಿದು ಹೊಗೆಯೆದ್ದಿತು. ಓಡಿಹೋಗಿ ಬ್ಯಾಟರಿ ಕೇಬಲ್ ಕಿತ್ತೆ. ನೋಡಿದರೆ ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ! ಸರ ಪೋಣಿಸಿದ್ದು ಕಬ್ಬಿಣದ ತಂತಿಗೆ, ಕಟ್ಟಿದ್ದು ದೀಪದ ಜಾಯಿಂಟಿಗೆ. ಟೇಪು ಹರಿದು ತಂತಿ ಬಂಪರಿಗೆ ತಾಗಿತ್ತು. ಫ್ಯೂಸು ಸುಡುತ್ತಿದ್ದದ್ದೇ ಅದರಿಂದ.

ಅಕ್ಕ ಕೆಮ್ಮುತ್ತಾ ಇಳಿದಳು. ಮನೆಯಲ್ಲಿ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ದೃಷ್ಟಿ ತಾಗಿದೆ, ಬಂದರೆ ಇಳಿದಿದೆ ಎಂದು ನಂಬಿಕೆ. ಮಾವನಿಗೆ ಕಣ್ಣೀರು ಸುರಿಯುತ್ತಿದ್ದರೂ ಮುಖವರಳಿತು. "ಘಾಟು ಬಂತಲೇ! ದೃಷ್ಟಿ ಹೋತು!"

"ಹಿಂದ ಹುಲ್ಲು, ಒಳಗ ನಮ್ಮಕ್ಕ! ತಲಿ ನೆಟ್ಟಗೈತೇನ್ರಿ ನಿಮಗ?" ಎಂದು ಕಿರುಚಿದೆ. ಅವರು ಇನ್ನೊಂದು ಸರ ಹುಡುಕುತ್ತಿದ್ದರು.

ಬೈದು ಪ್ರಯೋಜನವಿಲ್ಲ ಅನ್ನಿಸಿತು. ಎಲ್ಲ ಸರಿಮಾಡಿ, ಹೊಸ ಫ್ಯೂಸು ಹಾಕಿ, ಫ್ಯೂಸಿನ ಡಬ್ಬಿಯ ಮೇಲೆ ಮೂರು ಬೆರಳು ವಿಭೂತಿ ಎಳೆದೆ. "ಮಾವ, ದೃಷ್ಟಿ ಎಲ್ಲಾ ಇದರಾಗ ಕಟ್ಟೀನಿ. ಮುಚ್ಚಳ ತೆಗೆದ್ರ ಹೊರಗ ಬರ್ತೈತಿ." ಅವರು ಚಪ್ಪಲಿ ಬಿಟ್ಟು ಕೈಮುಗಿದರು.

ಈಗ ಪ್ರತಿ ಸೋಮವಾರ ಲಾರಿ ತಂದು ನಿಲ್ಲಿಸುತ್ತಾರೆ. ನಾನು ಸ್ನಾನ ಮಾಡಿ, ಪೂಜೆಯ ನೆಪದಲ್ಲಿ ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡುತ್ತೇನೆ. ಮೊನ್ನೆ ಅಕ್ಕ ಕ್ಯಾಬಿನ್ನಿನ ಕಿಟಕಿಯಿಂದ ಬಗ್ಗಿ, ಮಾವನಿಗೆ ಕೇಳದಂತೆ ಅಂದಳು:

"ಅಯ್ಯನೋರ, ಈಗ ನಾ ಒಳಗ ಧೈರ್ಯದಿಂದ ಕುಂದ್ರಬಹುದೇನ್ರಿ?"