ಅತ್ತೆ ತೆಗೆದ ಎರಡು ಬೇರು

ನಮ್ಮ ಮನೆಯಲ್ಲಿ ಮಾಕಳಿ ಬೇರಿನ ಉಪ್ಪಿನಕಾಯಿ ನಿಲ್ಲಿಸಿದವಳು ನಾನೇ. ಸುಳ್ಳೇಕೆ ಹೇಳಲಿ, ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಅದನ್ನು ಮೊಸರನ್ನಕ್ಕೆ ನಂಚಿಕೊಂಡು ಚಪ್ಪರಿಸಿದವಳು. ಆದರೆ ಅಳಿದುಹೋಗುತ್ತಿರುವ ಔಷಧಿ ಗಿಡಗಳನ್ನು ಉಳಿಸುವುದು ನನ್ನ ಕೆಲಸ. ಮಾಕಳಿ ಬಂಡೆಗುಡ್ಡಗಳಲ್ಲಿ ಹಬ್ಬುವ ಬಳ್ಳಿ. ಔಷಧಿಗೂ ಬೇಕು, ಉಪ್ಪಿನಕಾಯಿಗೂ ಬೇಕು ಎಂದು ಅದನ್ನು ಬುಡಸಮೇತ ಅಗೆದು ತರುತ್ತಾರೆ. ಒಂದು ವರ್ಷ ಬೀಜ ತಂದಿದ್ದ ಗುಡ್ಡಕ್ಕೆ ಮುಂದಿನ ವರ್ಷ ಹೋದರೆ ಬರೀ ಗುಂಡಿಗಳಿದ್ದವು. ಅವತ್ತು ಮನೆಗೆ ಬಂದವಳೇ, ಇನ್ನು ಈ ಬೇರು ನಮ್ಮ ಹೊಸಿಲು ದಾಟಕೂಡದು ಅಂದುಬಿಟ್ಟೆ.

ಅತ್ತೆಗೆ ಆ ಉಪ್ಪಿನಕಾಯಿಯೆಂದರೆ ಪ್ರಾಣ. ಬೇಸಿಗೆಯಲ್ಲಿ ಮಾರೇನಹಳ್ಳಿಯ ರಸ್ತೆಬದಿಯಲ್ಲಿ ಗೋಣಿಚೀಲದ ಮೇಲೆ ಬೇರಿನ ಕಟ್ಟು ಕಂಡರೆ ನಿಂತು, ಒಂದನ್ನು ಎತ್ತಿ ಮೂಸಿ, ವಾಪಸ್ ಇಟ್ಟು ಬರುತ್ತಿದ್ದರು. ನೆಂಟರೆದುರು ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. "ನಮ್ಮ ಸೊಸೆ ಗಿಡಗಳ ಡಾಕ್ಟ್ರು ಕಣಮ್ಮ. ಗಿಡಗಳೆಲ್ಲಾ ಚೆನ್ನಾಗವೆ, ಪಥ್ಯ ಮಾತ್ರ ನಮಗೆ," ಅನ್ನುತ್ತಿದ್ದರು. ನನ್ನ ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ.

ಆ ಗುಡ್ಡದ ಬೀಜದಿಂದ ಬ್ಯಾಡರಹಳ್ಳಿ ಆಚೆಗಿನ ನಮ್ಮ ನರ್ಸರಿಯಲ್ಲಿ ಎಬ್ಬಿಸಿದ ಸಸಿಗಳಲ್ಲಿ ಕೊನೆಗೆ ಉಳಿದದ್ದು ಒಂದೇ. ಅದನ್ನು ಬಸವೇಶ್ವರನಗರದ ನಮ್ಮ ಮನೆಯ ಟೆರೇಸಿಗೆ ತಂದು, ನೀಲಿ ಡ್ರಮ್ಮಿನಲ್ಲಿ ನೆಟ್ಟೆ. ಆರು ವರ್ಷದಲ್ಲಿ ಅದು ಬಟ್ಟೆ ಒಣಹಾಕುವ ತಂತಿಯನ್ನೆಲ್ಲ ಸುತ್ತಿಕೊಂಡಿತು. ಬುಡ ಮುಟ್ಟದೆ ಪಕ್ಕದ ಒಂದೆರಡು ಬೇರು ಮಾತ್ರ ತೆಗೆದರೆ ಗಿಡ ಬದುಕುತ್ತದೆ ಎಂಬುದು ನನ್ನ ಅಂದಾಜು. ನಿಜವೆಂದು ಗೊತ್ತಾದರೆ ಅಗೆಯುವವರಿಗೂ ಹೇಳಿಕೊಡಬಹುದು. ಪ್ರತಿ ಬೇಸಿಗೆಯಲ್ಲೂ ಸಲಿಕೆ ಹಿಡಿದು ಡ್ರಮ್ಮಿನ ಮುಂದೆ ಕೂರುತ್ತಿದ್ದೆ, ಹಾಗೇ ಎದ್ದು ಬರುತ್ತಿದ್ದೆ. ಇರುವುದೊಂದು ಗಿಡ ಸತ್ತರೆ ಆ ಗುಡ್ಡದ್ದು ಅನ್ನುವುದು ಏನೂ ಉಳಿಯುವುದಿಲ್ಲ.

ಮೊನ್ನೆ ಮಾರ್ಚಿನಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಬಂದು ಟೆರೇಸಿಗೆ ಹೋದೆ. ಅತ್ತೆ ಡ್ರಮ್ಮಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಕೈಯೆಲ್ಲ ಮಣ್ಣು, ಮಡಿಲಲ್ಲಿ ಬೆರಳುಗಾತ್ರದ ಎರಡು ಬೇರು.

"ಏನು ಮಾಡಿದ್ರಿ ಅತ್ತೆ? ಅದೊಂದೇ ಇರೋದು ಅಂತ ಎಷ್ಟು ಸಲ ಹೇಳಿದೀನಿ?"

"ಬುಡಕ್ಕೆ ಕೈ ಹಾಕಿಲ್ಲ ಕಣಮ್ಮ. ಪಕ್ಕದ್ದು ಎರಡೇ ತಗೊಂಡು ಮಣ್ಣು ಮುಚ್ಚಿದೀನಿ. ನಮ್ಮಪ್ಪ ಹಂಗೇ ತೆಗೀತಿದ್ದುದು."

"ನಿಮ್ಮ ನಾಲಗೆ ಚಪಲಕ್ಕೆ ಗಿಡ ಹೋಗ್ಲಿ ಬಿಡಿ," ಅಂದೆ. ಹಾಗೆ ಅನ್ನಬಾರದಿತ್ತು. ಎಪ್ಪತ್ತೆಂಟರ ಹೆಂಗಸು, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಮರುದಿನ ಅಡುಗೆಮನೆ ತುಂಬ ಮಾಕಳಿಯ ಘಾಟು. ಬೇರಿನ ಸಿಪ್ಪೆ ಹೆರೆದು, ಒಳಗಿನ ನಾರು ತೆಗೆದು, ಸಣ್ಣಗೆ ಹೆಚ್ಚಿ, ನಿಂಬೆರಸ, ಉಪ್ಪು, ಸಾಸಿವೆ, ಖಾರದಲ್ಲಿ ಕಲಸಿ ಪುಟ್ಟ ಜಾಡಿಗೆ ತುಂಬಿದರು. ಹಾಳಾದ್ದು, ನನಗೂ ಬಾಯಲ್ಲಿ ನೀರೂರಿತು. ಆದರೂ ಬಿಗುಮಾನ ಬಿಡಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಆರಾಮಾಗಿ ಕೂತು ತಿನ್ನುತ್ತಾರೆ ಅಂದುಕೊಂಡು ಒಳಗೊಳಗೇ ಉರಿಯುತ್ತಿದ್ದೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಏಪ್ರಿಲಿನಲ್ಲಿ ಬಳ್ಳಿಯ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಬಿಸಿಲಿಗೆ ಅದು ಎಲೆ ಉದುರಿಸುವುದುಂಟು, ಇದು ನನಗೆ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಆ ಒಣ ಕಡ್ಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಒಂದು ಭಾನುವಾರ ಅತ್ತೆ ಅಕ್ಕಿ ತೊಳೆದ ನೀರು ಹಿಡಿದು ಮೆಟ್ಟಿಲು ಹತ್ತಿ ಬಂದರು. "ನೀರು ಜಾಸ್ತಿಯಾದ್ರೆ ಕೊಳೆಯುತ್ತೆ," ಎಂದು ಸಿಡುಕಿದೆ. ತುಳಸಿಗೆ ಹಾಕಿ ಇಳಿದರು.

ಮೇ ಕಳೆದು ನಾಲ್ಕಾರು ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಕಡ್ಡಿಯ ಗಿಣ್ಣಿನಲ್ಲಿ ಎರಡು ಚಿಗುರು ಕಂಡವು. ನಂಬಿಕೆಯಾಗಲಿಲ್ಲ. ಅತ್ತೆ ತೋಡಿದ್ದ ಕಡೆಯೇ ಮಣ್ಣನ್ನು ಬೆರಳಿಂದ ಮೆಲ್ಲಗೆ ಸರಿಸಿದೆ. ಕತ್ತರಿಸಿದ್ದ ಜಾಗ ಚೆನ್ನಾಗಿ ಮಾಗಿತ್ತು. ಅದರ ಬದಿಯಿಂದ ದೀಪದ ಬತ್ತಿಯಷ್ಟು ದಪ್ಪದ ಹೊಸ ಬೇರು ಬೆಳ್ಳಗೆ ಹೊರಟಿತ್ತು. ನಾನು ಆರು ವರ್ಷ ಹೆದರಿ ಮಾಡದೇ ಬಿಟ್ಟ ಪ್ರಯೋಗವನ್ನು ಅತ್ತೆ ಒಂದು ಸಂಜೆಯಲ್ಲಿ ಮಾಡಿ ಮುಗಿಸಿದ್ದರು. ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಅಲ್ಲೇ ಬಿಟ್ಟು ಕೆಳಗೋಡಿದೆ.

ಅವರು ಊಟದ ಮನೆಯಲ್ಲಿ ಅವರೆಕಾಳು ಆರಿಸುತ್ತಾ ಕೂತಿದ್ದರು.

"ಅತ್ತೆ, ಗಿಡ ಬದುಕಿದೆ. ಹೊಸ ಬೇರು ಬಿಟ್ಟಿದೆ."

ಮೊರವನ್ನು ಪಕ್ಕಕ್ಕಿಟ್ಟರು. "ನಿಜವಾಗ್ಲೂ? ಕಣ್ಣಾರೆ ನೋಡಿದ್ಯಾ?"

"ನೋಡ್ದೆ. ತಪ್ಪಾಯ್ತು ಅತ್ತೆ, ಅವತ್ತು ಏನೇನೋ ಅಂದ್ಬಿಟ್ಟೆ. ಉಪ್ಪಿನಕಾಯಿ ಇನ್ನೂ ಒಂದು ಚೂರು ಉಳಿದಿದ್ಯಾ?"

ಅವರು ಎದ್ದು ಒಳಗೆ ಹೋಗಿ ಜಾಡಿ ತಂದು ನನ್ನ ಕೈಗಿಟ್ಟರು. ಅದು ಭಾರವಾಗಿತ್ತು. ಬಾಯಿಗೆ ಕಟ್ಟಿದ್ದ ಬಟ್ಟೆ ಕಟ್ಟಿದ ಹಾಗೇ ಇತ್ತು. ಬಿಚ್ಚಿ ನೋಡಿದರೆ ಕಂಠದವರೆಗೂ ತುಂಬಿದ ಉಪ್ಪಿನಕಾಯಿ ಒಂದು ಹೋಳೂ ಕದಲಿರಲಿಲ್ಲ.

"ನೀವು ತಿಂದೇ ಇಲ್ವಾ?"

"ಗಿಡ ಇರ್ತದೋ ಹೋಗ್ತದೋ ಗೊತ್ತಾಗ್ದೆ ಹೆಂಗಮ್ಮ ತಿನ್ನೋದು?" ಅಂದರು ಅತ್ತೆ. "ಹೋಗಿ ಮೊಸರನ್ನ ಕಲಸು, ಇಬ್ಬರಿಗೂ."