ಲಾಡಿಯಕ್ಕ ಮತ್ತು ಹದಿನಾರು ಜೊತೆ ಬೂಟು

ಬೇರೆಯವರ ಕಾಲಿನ ಬೆವರು ಎಷ್ಟು ಬಗೆಯದು ಅಂತ ಲಾಡಿಯಕ್ಕನನ್ನೇ ಕೇಳಬೇಕು. ಕೊಳೆತ ಈರುಳ್ಳಿ ನಾತದ್ದು ಬೇರೆ, ಒದ್ದೆ ನಾಯಿ ನಾತದ್ದು ಬೇರೆ. ಇವೆರಡರ ಮೇಲೂ ಸೆಂಟು ಸುರಿದುಕೊಂಡು ಬರುವವರದ್ದಂತೂ ದೇವರಿಗೇ ಪ್ರೀತಿ. ಹದಿನೇಳು ವರ್ಷದಿಂದ ಅವಳ ಮೂಗಿಗೆ ಇದೇ ಊಟ, ಇದೇ ತಿಂಡಿ.

ಸೂಟು ಬೂಟು ಬಾಡಿಗೆಗೆ ಕೊಡುವ ಅಂಗಡಿಯ ಹಿಂದಿನ ಕೋಣೆ ಅವಳದು. ಮುಂದುಗಡೆ ಆಳೆತ್ತರದ ಕನ್ನಡಿ, ಝಗಮಗ ದೀಪ. ಹಿಂದುಗಡೆ ಒಂದು ಸಿಂಕು, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಯಿಂದ ಗೋಡೆಗೆ ಎಳೆದ ತಂತಿ, ಪಕ್ಕದ ಕಟ್ಟಡದ ಬೆನ್ನು ಮಾತ್ರ ಕಾಣುವ ಕಿಟಕಿ. ವಾಪಸ್ಸು ಬಂದ ಪ್ರತಿ ಬೂಟಿನ ಲೇಸು ಬಿಚ್ಚಿ, ಸೋಪಿನ ನೀರಲ್ಲಿ ನೆನೆಸಿ, ತಂತಿಗೆ ನೇತುಹಾಕಿ, ಒಣಗಿದ ಮೇಲೆ ಮೇಣದಬತ್ತಿ ತುಂಡಿನಿಂದ ತೀಡಿ, ಮತ್ತೆ ಪೋಣಿಸುವುದು ಅವಳ ಕೆಲಸ. ಅದಕ್ಕೇ ಅಂಗಡಿಯ ದರ್ಜಿ ಅವಳಿಗೆ ಲಾಡಿಯಕ್ಕ ಅಂತ ಹೆಸರಿಟ್ಟಿದ್ದ. ಅವಳೂ ಅದಕ್ಕೇ ಓಗೊಡುತ್ತಿದ್ದಳು.

ಪೋಣಿಸುವುದೂ ಹೇಗೆಂದರೆ ಹಾಗಲ್ಲ. ಆಟದ ಬೂಟಿನ ಹಾಗೆ ಕತ್ತರಿ ಕತ್ತರಿಯಾಗಿ ಹಾಕಿದ್ದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಸೂಟಿನ ಕೆಳಗಿನ ಬೂಟಿಗೆ ಲೇಸು ಏಣಿಯ ಮೆಟ್ಟಿಲಿನಂತೆ ನೇರ ಗೆರೆ ಗೆರೆಯಾಗಿ ಕೂರಬೇಕು, ಓರೆಯಾಗಿ ಹೋಗುವುದೆಲ್ಲ ಚರ್ಮದಡಿ ಮರೆಯಲ್ಲೇ ಹೋಗಬೇಕು. ಲೇಸು ಸಣ್ಣಗೆ, ದುಂಡಗೆ, ಮೇಣ ಹತ್ತಿದ ಹತ್ತಿಯದೇ ಆಗಬೇಕು. ಐದು ಜೊತೆ ತೂತಿನ ಬೂಟಾದರೆ ಗಜಕ್ಕೆ ಅರ್ಧ ಗೇಣು ಕಮ್ಮಿ. “ಗಂಟು ಹಾಕಿದ್ಮೇಲೆ ಕಿವಿ ನೆಲಕ್ಕೆ ತಾಗಿದ್ರೆ ಅದು ಬೂಟಲ್ಲ, ಮೊಲ” ಅನ್ನುತ್ತಿದ್ದಳು.

ಆ ಲೇಸುಗಳಿಗೆ ಏನೇನು ಅಂಟಿಕೊಂಡು ಬರುತ್ತಿತ್ತು ಅಂತೀರಿ! ಚೂಯಿಂಗ್ ಗಮ್ಮು, ಕೇಕಿನ ಕ್ರೀಮು, ಯಾರದೋ ಮಾರುದ್ದ ಕೂದಲು, ಒಮ್ಮೆ ಅರ್ಧ ಉಗುರು. ಗಂಟು ಬಿಚ್ಚಲಾರದೆ ಹಲ್ಲಿಂದ ಕಚ್ಚಿ ಎಳೆದವರ ಎಂಜಲು ಬೇರೆ. ತನ್ನ ಕೈ ತನಗೇ ಹೇಸಿಗೆಯಾಗಿ ಅವಳು ಎಷ್ಟೋ ವರ್ಷದಿಂದ ಚಮಚದಲ್ಲೇ ಉಣ್ಣುತ್ತಿದ್ದಳು.

“ಅಷ್ಟು ಅಸಹ್ಯ ಆದ್ರೆ ಬಿಟ್ಬಿಡಕ್ಕ, ನಮ್ಮನೇಲಿ ಬಂದಿರು” ಅಂತ ತಂಗಿ ಕರೆಯುತ್ತಲೇ ಇದ್ದಳು. ತಂಗಿಯ ಮನೆಯಲ್ಲಿ ಅವಳಿಗೆ ಸಿಗುವುದು ನಡುಮನೆಯ ಮೂಲೆ. ಆ ಮೂಲೆಯಲ್ಲೇ ತಂಗಿಯ ಗಂಡ ಸಾಕ್ಸು ಬಿಚ್ಚಿ ಬಿಸಾಕುತ್ತಿದ್ದ. ಅವು ಬಿದ್ದ ಜಾಗದಲ್ಲೇ ಎದ್ದು ನಿಲ್ಲುವಷ್ಟು ಗಟ್ಟಿ.

“ಸಂಬಳಕ್ಕೆ ಮೂಗು ಮುಚ್ಕೊಳ್ಳೋದು ಬೇರೆ, ಪುಕ್ಕಟೆ ಮುಚ್ಕೊಳ್ಳೋದು ಬೇರೆ ಕಣೇ” ಅನ್ನುತ್ತಿದ್ದಳು ಲಾಡಿಯಕ್ಕ. ಅವಳಿಗೆ ಅಂತ ಒಂದು ಬಾಡಿಗೆ ಕೋಣೆ ಇತ್ತು. ಒಂದು ಮಂಚ, ಒಂದು ಒಲೆ, ಒಳಗಿಂದ ಹಾಕಿಕೊಳ್ಳಲು ಚಿಲಕ. ಆ ಚಿಲಕ ಉಳಿಯಬೇಕಾದರೆ ಈ ಕೆಲಸ ಉಳಿಯಬೇಕು, ಅಷ್ಟೇ ಲೆಕ್ಕ.

ಹಾಗಿರುವಾಗ ಹಳೇ ಮಾಲೀಕರು ಮನೆ ಹಿಡಿದರು, ಮಗ ಗಲ್ಲೆಗೆ ಬಂದ. ಒಂದು ದಿನ ಅವನು ಪೊಟ್ಟಣವೊಂದನ್ನು ಅವಳ ಮೇಜಿನ ಮೇಲೆ ಸುರಿದ. ಕರೀ ರಬ್ಬರಿನ ತುಂಡುಗಳು, ಎರಡೂ ತುದಿಗೆ ಗುಬುಟು.

“ಅಕ್ಕ, ಇದು ಹೊಸಾ ಲೇಸು. ತೂತಿಗೆ ಸಿಕ್ಸಿದ್ರೆ ಮುಗೀತು. ಕಟ್ಟೋದಿಲ್ಲ, ಬಿಚ್ಚೋದಿಲ್ಲ, ಒಗೆಯೋದಿಲ್ಲ.”

ಲಾಡಿಯಕ್ಕ ಒಂದನ್ನು ಎರಡು ಬೆರಳಲ್ಲಿ ಎತ್ತಿದಳು. ಹಲ್ಲಿಯ ಬಾಲ ಮುಟ್ಟಿದಂತಾಗಿ ಕೈ ಕೊಡವಿದಳು.

“ಒಗೀದೇ ಇದ್ರೆ? ಹತ್ತು ಜನದ ಬೆವರು ಒಂದರ ಮೇಲೊಂದು ಕೂತ್ಕೊಳ್ಳುತ್ತಲ್ಲ ಸಾರ್?”

“ಒಂದ್ಸಲ ಸ್ಪ್ರೇ ಹೊಡೆದ್ರಾಯ್ತು.”

“ವ್ಯಾಕ್!”

“ಅಕ್ಕ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳಿಂದ ಈ ಕೋಣೇನ ಗೋಡೌನ್ ಮಾಡ್ಬೇಕು ಅಂತಿದೀನಿ. ನಿಮಗೂ ಸಾಕಾಗಿದೆ ಅಲ್ವಾ ಈ ನಾತ?”

ಸಾಕಾಗಿತ್ತು, ಸುಳ್ಳಲ್ಲ. ಆದರೆ ಕಣ್ಣ ಮುಂದೆ ಬಂದದ್ದು ತಂಗಿಯ ನಡುಮನೆ, ಆ ಸಾಕ್ಸು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ತಂತಿಯ ಮೇಲಿದ್ದ ಲೇಸು, ಡಬ್ಬಿಯಲ್ಲಿದ್ದ ಲೇಸು ಎಲ್ಲ ಬಾಚಿ ಕಸದ ಗಾಡಿಗೆ ಹಾಕಿಸಿಯಾಗಿತ್ತು.

ಆ ಶನಿವಾರ ವಾದ್ಯಗೋಷ್ಠಿಯವರು ಬಂದರು. ತಿಂಗಳಿಗೆ ಎರಡು ಸಲ ಬರುವ ಗಿರಾಕಿಗಳು, ಹದಿನಾರು ಜನ, ಹದಿನಾರು ಜೊತೆ ಕರೀ ಬೂಟು. ಹದಿನಾರಕ್ಕೂ ರಬ್ಬರು ಸಿಕ್ಕಿಸಿಟ್ಟವಳು ಲಾಡಿಯಕ್ಕನೇ, ಪ್ರತಿ ತೂತಿಗೂ ಒಂದೊಂದು ಬೈಗುಳ ಸೇರಿಸಿ. ಅವರ ಮೇಷ್ಟ್ರು ಬೂಟು ತೊಟ್ಟು ಕನ್ನಡಿವರೆಗೆ ನಡೆದರು. ಚಟ್ ಚಟ್ ಅಂತ ಹಿಮ್ಮಡಿ ಎದ್ದು ಎದ್ದು ಬಿತ್ತು.

“ಏನ್ರೀ ಇದು, ಬೂಟು ಆಕಳಿಸ್ತಾ ಇದೆ?”

ಡೋಲಿನವನದ್ದು ದಪ್ಪ ಕಾಲು. ಅವನು ಬಗ್ಗಿದ್ದೇ ತಡ, ಒಂದು ರಬ್ಬರು ಟಪ್ ಅಂತ ಹಾರಿ ದರ್ಜಿಯ ಕೆನ್ನೆಗೆ ಬಡಿಯಿತು.

“ಅಯ್ಯೋ, ಹಲ್ಲಿ!” ಅಂತ ದರ್ಜಿ ಎಗರಿಬಿದ್ದ.

ಮೇಷ್ಟ್ರಿಗೆ ನಗು ಬರಲಿಲ್ಲ. “ನೋಡಪ್ಪಾ, ಸಂಜೆ ಆರಕ್ಕೆ ವೇದಿಕೆ ಮೇಲಿರ್ಬೇಕು ನಾವು. ನಾಲ್ಕು ಗಂಟೆಯೊಳಗೆ ಲೇಸಿರೋ ಬೂಟು ಕೊಡ್ತೀಯೋ, ಎದುರು ಅಂಗಡಿಗೆ ಹೋಗ್ಲೋ?”

ಚಿಕ್ಕ ಮಾಲೀಕ ಮುಖ ಹುಳ್ಳಗೆ ಮಾಡಿಕೊಂಡು ಹಿಂದಿನ ಕೋಣೆಗೆ ಬಂದ. “ಅಕ್ಕ, ಏನಾದ್ರೂ ಮಾಡಿ.”

“ಲೇಸೆಲ್ಲ ಕಸದ ಗಾಡೀಲಿ ಊರು ಬಿಡ್ತಲ್ಲ ಸಾರ್.”

“ತಪ್ಪಾಯ್ತು ಅಂದೆನಲ್ಲಕ್ಕ.”

“ಎಲ್ಲಿ ಅಂದ್ರಿ?”

“...ತಪ್ಪಾಯ್ತು.”

“ಹಂಗಾದ್ರೆ ಎರಡು ಮಾತು. ಈ ಕೋಣೆ ಕೋಣೆಯಾಗೇ ಇರುತ್ತೆ, ನಾನೂ ಇರ್ತೀನಿ. ಎರಡನೇದು, ಇನ್ಮೇಲೆ ಬಾಡಿಗೆ ಬೂಟಿನ ಲೇಸನ್ನ ತೊಟ್ಟೋರೇ ಬಿಚ್ಚಿ ಕೊಡ್ಬೇಕು. ಬೇರೆಯವರ ಗಂಟಿಗೆ ನಾನು ಕೈ ಹಾಕೋದಿಲ್ಲ.”

“ಗಿರಾಕಿಗಳು ಒಪ್ತಾರಾ?”

“ಮೇಷ್ಟ್ರನ್ನ ಈಗ್ಲೇ ಕೇಳಿ.”

ಮೇಷ್ಟ್ರು ಗಡಿಯಾರ ನೋಡಿ, “ಬಿಚ್ತೀವಮ್ಮಾ, ಮೊದ್ಲು ಕಟ್ಟೋಕೆ ಏನಾದ್ರೂ ತಾ” ಅಂದರು.

ಲಾಡಿಯಕ್ಕ ಬೀದಿಗಿಳಿದಳು. ಚಪ್ಪಲಿ ಅಂಗಡಿಯಲ್ಲಿ ಇದ್ದದ್ದು ಆಟದ ಬೂಟಿನ ಅಗಲ ಲೇಸು, ಒಂದೊಂದೂ ಬಾವಿಗೆ ಇಳಿಬಿಡುವಷ್ಟು ಉದ್ದ. “ಮಡಚಿ ಕಟ್ಕೊಳ್ಳಿ ಬಿಡಿ” ಅಂದ ಅಂಗಡಿಯವ. “ನಿಮ್ಮ ನಾಲಿಗೇನ ಮಡಚ್ಕೊಳ್ಳಿ” ಅಂದು ಹೊರಬಿದ್ದಳು. ದೊಡ್ಡ ಅಂಗಡಿಯಲ್ಲಿ ಸಿಕ್ಕದ್ದು ಮಿರಮಿರ ಪಾಲಿಸ್ಟರು. ಗಂಟು ಹಾಕಿ ಕೈಬಿಟ್ಟರೆ ಎಣ್ಣೆ ಹಚ್ಚಿದ ಹಾವಿನ ಹಾಗೆ ತಾನೇ ಜಾರಿ ಬಿಚ್ಚಿಕೊಂಡಿತು. ಇದಕ್ಕಿಂತ ರಬ್ಬರೇ ವಾಸಿ ಅಂದು ಅಲ್ಲೇ ಬಿಟ್ಟು ಬಂದಳು. ಮೆಟ್ಟಿಲಡಿ ಕೂರುವ ಬೂಟು ರಿಪೇರಿಯವನ ಹತ್ತಿರ ಬೇಕಾದಂಥದ್ದೇ ಇತ್ತು, ಆದರೆ ಎರಡೇ ಜೊತೆ, ಅದೂ ಕಂದು ಬಣ್ಣದ್ದು.

ಗಂಟೆ ಎರಡೂವರೆ. ಬೆವರು ಒರೆಸಿಕೊಳ್ಳುತ್ತ ನಿಂತ ಕಡೆ ಒಂದು ಮಣಿ ಅಂಗಡಿ. ಒಳಗೆ ಹೆಂಗಸೊಬ್ಬಳು ಸರ ಪೋಣಿಸುತ್ತಿದ್ದಳು, ಸಣ್ಣ, ದುಂಡನೆಯ, ಕಪ್ಪು ದಾರದಲ್ಲಿ. ಲಾಡಿಯಕ್ಕ ಕೇಳದೆಯೇ ಕೈ ಹಾಕಿ ದಾರಕ್ಕೆ ಉಗುರು ಕೊಟ್ಟು ಕೆರೆದಳು. ಉಗುರಿನ ತುದಿಗೆ ಮೇಣ ಬಂತು. ಗಂಟು ಹಾಕಿ ಕೊಡವಿದಳು, ಕೂತಲ್ಲೇ ಕೂತಿತು.

“ಏನಮ್ಮಾ ಮಾಡ್ತಿದೀರಾ?”

“ಇಡೀ ಉಂಡೆ ಕೊಡಿ. ಮೂವತ್ತು ಮೀಟರ್ ಬೇಕು.”

“ಅಷ್ಟುದ್ದ ಸರ ಯಾರಿಗೆ?”

“ಹದಿನಾರು ಗಂಡಸರ ಕಾಲಿಗೆ” ಅಂದಳು. ಅಂಗಡಿಯವಳು ಉಂಡೆ ಎತ್ತಿ ಕೈಗಿಟ್ಟಳು.

ತುದಿಗೆ ಗಟ್ಟಿ ಟೊಪ್ಪಿ ಇಲ್ಲದಿದ್ದರೆ ದಾರ ತೂತಿಗೆ ಇಳಿಯುವುದಿಲ್ಲ. ಕರೆಂಟು ಸಾಮಾನಿನ ಅಂಗಡಿಯಲ್ಲಿ ವೈರಿಗೆ ತೊಡಿಸುವ ಕರೀ ಕೊಳವೆ ಸಿಕ್ಕಿತು, ಬಿಸಿ ತಾಗಿದರೆ ಮುದುರಿ ಕಚ್ಚಿಕೊಳ್ಳುವಂಥದ್ದು. ಅಂಗಡಿಗೆ ಬಂದು ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ದರ್ಜಿ ಅಳೆದು ಕತ್ತರಿಸಿದ, ಅವಳು ಕೊಳವೆ ತೊಡಿಸಿ ಬಿಸಿ ಮುಟ್ಟಿಸಿದಳು, ಚಿಕ್ಕ ಮಾಲೀಕನನ್ನೂ ಮಣೆ ಹಾಕಿ ಕೂರಿಸಿ ರಬ್ಬರು ಕೀಳಿಸಿದಳು.

“ಅಕ್ಕ, ಇದು ಅಂಟಂಟು ಆಗಿದೆ. ಯಾಕೆ?”

“ನಿಮ್ ಸ್ಪ್ರೇ, ಬೂಟಿನ ಹಳೇ ಬೆವರು. ಮೂಸ್ಬೇಡಿ.”

ಅವನು ಮೂಸಿದ. ಆಮೇಲೆ ಸಿಂಕಿನ ಹತ್ತಿರ ಓಡಿದ.

ನಾಲ್ಕಕ್ಕೆ ಇನ್ನೂ ಐದು ನಿಮಿಷ ಇರುವಾಗ ಕೊನೆಯ ಬೂಟಿನ ಐದನೇ ಮೆಟ್ಟಿಲು ಬಿತ್ತು. ಮೇಷ್ಟ್ರು ತೊಟ್ಟು, ಕಟ್ಟಿ, ಕನ್ನಡಿವರೆಗೆ ಸದ್ದಿಲ್ಲದೆ ನಡೆದು, ತಿರುಗಿ ಬಂದು, “ಹೂಂ” ಅಂದರು. ಲಾಡಿಯಕ್ಕನಿಗೆ ಅಷ್ಟು ಸಾಕಾಗಿತ್ತು.

ಮಾರನೇ ಬೆಳಿಗ್ಗೆ ಹದಿನಾರು ಜನರೂ ಬೂಟು ಹಿಡಿದು ಬಂದರು. ಲಾಡಿಯಕ್ಕ ಹಿಂದಿನ ಕೋಣೆಯ ಬಾಗಿಲಲ್ಲೇ ಬಕೆಟ್ಟು ಇಟ್ಟು ಸ್ಟೂಲು ಹಾಕಿದ್ದಳು. ಇಡೀ ರಾತ್ರಿ ಚೀಲದಲ್ಲಿ ಮುಚ್ಚಿಟ್ಟ ಬೂಟು. ಡೋಲಿನವನು ಮೊದಲ ಲೇಸು ಎಳೆದದ್ದೇ ಮುಖ ಕಿವುಚಿದ.

“ಥೂ! ಇದು ನಂದಲ್ಲ ಕಣ್ರೀ!”

“ಒಳಗಡೆ ಹೆಸರಿನ ಚೀಟಿ ಅಂಟ್ಸಿದೀನಿ, ಓದಿ.”

“...ನಂದೇ.”

ಮೇಷ್ಟ್ರು ಉಸಿರು ಬಿಗಿಹಿಡಿದು ಒಂದೊಂದೇ ಮೆಟ್ಟಿಲು ಬಿಚ್ಚಿದರು. ಅರ್ಧಕ್ಕೆ ಉಸಿರು ಸಾಲದೆ ಕಿಟಕಿಯ ಕಡೆ ತಿರುಗಿದರು. “ಏನಮ್ಮಾ, ಇಷ್ಟು ವರ್ಷ ಇದನ್ನೆಲ್ಲ ನೀನೊಬ್ಬಳೇ...?”

“ಹೂಂ. ಅದನ್ನ ಬಕೆಟ್ಟಿಗೆ ಹಾಕಿ, ನೆಲಕ್ಕಲ್ಲ. ಮುಂದಿನೋರು ಬನ್ನಿ.”

ಹದಿನಾರೂ ಜನ ಕೈ ತೊಳೆಯಲು ಸಿಂಕಿಗೆ ಮುತ್ತಿದರು. ಅಷ್ಟರಲ್ಲಿ ಬಕೆಟ್ಟಿನ ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ಲಾಡಿಯಕ್ಕ ರವಿಕೆಯ ತೋಳು ಮಡಚಿ, ಮುಖ ಅತ್ತ ತಿರುಗಿಸಿ, “ಥೂ, ದರಿದ್ರ” ಅನ್ನುತ್ತ ಅದರೊಳಗೆ ಕೈ ಇಳಿಸಿದಳು.