ನನ್ನ ಮಗಳು ಮಾತಾಡುತ್ತಿದ್ದ ಮನೆ

ಮೀನು ಕೊಯ್ಯುವಾಗ ಕೆಳಮನೆಯ ಬಾಯಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಎರಡೂ ಕೈಗೆ ಬೂತಾಯಿಯ ಹುರುಪೆ ಮೆತ್ತಿರುತ್ತಿದ್ದುದರಿಂದ ಅದನ್ನು ತೋಳಿನಿಂದಲೇ ಮೇಲಕ್ಕೆ ದೂಡಿಕೊಳ್ಳುತ್ತಿದ್ದರು. ಎದುರಿಗೆ ಮಣೆಯ ಮೇಲೆ ಕುಳಿತು ನನ್ನ ಮಗಳು ಒಂದೇ ಸಮನೆ ಮಾತಾಡುತ್ತಿದ್ದಳು. ಮೇಲಿನ ಮನೆಯಲ್ಲಿ ನನ್ನೊಡನೆ ‘ಹೂಂ’, ‘ಉಹೂಂ’ ಬಿಟ್ಟು ಬೇರೇನೂ ಆಡದ ಹುಡುಗಿ.

ಉರ್ವದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಭಾಗದಲ್ಲಿ ಅವರಿದ್ದರು. ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿ ಬಂದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ನಾವು ಬಾಯಮ್ಮ ಎನ್ನುತ್ತಿದ್ದೆವು. ನಾನು ಹಂಪನಕಟ್ಟೆಯ ಟ್ರಾವೆಲ್ಸ್ ಒಂದರಲ್ಲಿ ಟಿಕೆಟ್ ಮಾಡಿಕೊಡುವವಳು. ಕಚೇರಿ ಮುಗಿದರೂ ಗಿರಾಕಿಗಳ ಮೆಸೇಜು ಮುಗಿಯುತ್ತಿರಲಿಲ್ಲ. ಸದಾ ತಲೆನೋವು. ಊಟದ ತಟ್ಟೆಯ ಪಕ್ಕದಲ್ಲೂ ಫೋನು. ಬಾಯಮ್ಮ ತಮ್ಮ ಫೋನನ್ನು ದಿನವಿಡೀ ಕಪಾಟಿನಲ್ಲಿಟ್ಟು, ಸಂಜೆ ಒಮ್ಮೆ ತೆಗೆದು ಉಳ್ಳಾಲದ ತಂಗಿಯೊಡನೆ ಮಾತಾಡಿ ಮತ್ತೆ ಅಲ್ಲೇ ಇಡುತ್ತಿದ್ದರು. ಚಹಾ ಕುಡಿಯುವಾಗ ಚಹಾ ಮಾತ್ರ ಕುಡಿಯುತ್ತಿದ್ದರು. ಅವರ ಆ ನೆಮ್ಮದಿ ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಅವರೇ ಮೆಟ್ಟಿಲು ಹತ್ತಿ ಬಂದರು.

“ಮಗು ದೊಡ್ಡವಳಾದಳು. ಹೆದರಿದ್ದಾಳೆ, ಕೆಳಗೆ ಕೂರಿಸಿದ್ದೇನೆ.”

“ನನಗೆ ಯಾಕೆ ಹೇಳ್ಲಿಲ್ಲ ಅವಳು?”

“ಹೇಳ್ಲಿಕ್ಕೆ ಬಂದಿದ್ದಳಂತೆ, ಎರಡು ಸಲ. ನೀವು ಫೋನಲ್ಲಿ ಇದ್ರಂತೆ.”

ನನ್ನ ಮಗಳ ಆ ಸುದ್ದಿ ಇನ್ನೊಬ್ಬರ ಬಾಯಿಂದ! “ಅವಳ ಅಮ್ಮ ನಾನು, ನೀವಲ್ಲ” ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ಹೌದಲ್ವಾ? ಹಾಗಾದ್ರೆ ಬೇಗ ಬನ್ನಿ ಮಾರಾಯ್ತಿ” ಎಂದರು.

ಅಂದಿನಿಂದ ಮಗಳನ್ನು ಕೆಳಗೆ ಕಳಿಸುವುದನ್ನು ನಿಲ್ಲಿಸಿದೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಟ್ಯಾಬ್ ಹಿಡಿದು ಕೂತಳು. ನನಗೆ ದಕ್ಕಿದ್ದು ಏನೂ ಇಲ್ಲ. ತಿಂಗಳಾದ ಮೇಲೆ ಒಂದು ಭಾನುವಾರ, ನಾಚಿಕೆ ಬಿಟ್ಟು ನಾನೇ ಕೆಳಗಿಳಿದೆ.

“ನೀವು ಅವಳ ಹತ್ತಿರ ಎಂತ ಮಾತಾಡ್ತೀರಿ?”

“ನಾನೆಂತ ಮಾತಾಡುದು? ಕೇಳ್ತೇನೆ, ಅಷ್ಟೆ.” ಕೈಯಲ್ಲಿದ್ದ ಬೂತಾಯಿಯ ತಲೆ ತೆಗೆದು ಮುಂದುವರಿಸಿದರು. “ಗಲ್ಫಿನ ವಾರ್ಡಲ್ಲಿ ಒಬ್ಬಳು ಪೇಶೆಂಟ್ ಇದ್ದಳು. ನಾನು ಮಾನಿಟರ್ ನೋಡ್ತಾ ನಿಂತಿದ್ದೆ, ಅವಳು ನನ್ನನ್ನು ನೋಡ್ತಾ ಇದ್ದಳು. ಎಲ್ಲ ಸರಿ ಉಂಟು ಅಂತ ಹೊರಟೆ. ಮರುದಿನ ಮಂಚ ಖಾಲಿ. ಅವಳಿಗೆ ಎಂತದೋ ಹೇಳ್ಲಿಕ್ಕಿತ್ತು.”

ಆಮೇಲೆ ಈಳಿಗೆಮಣೆಯಂಥ ಮೆಟ್ಟುಕತ್ತಿಯನ್ನು ನನ್ನ ಕಡೆ ತಿರುಗಿಸಿ, ಮೀನಿನ ಪಾತ್ರೆ ಇಟ್ಟರು. ಕೊಯ್ಯುತ್ತಿರುವಾಗ ನನ್ನ ಫೋನು ರಿಂಗಾಯಿತು. “ಇರಲಿ, ಮೀನು ನೋಡಿ. ಬೆರಳು ಹೋದೀತು” ಎಂದರು. ಪಾತ್ರೆ ಖಾಲಿಯಾಗುವಷ್ಟರಲ್ಲಿ ತಲೆನೋವು ಇರಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚಾಯಿತು. ನನ್ನ ತಲೆನೋವನ್ನೂ ಇವರೇ ಕಳೆಯಬೇಕೆ?

ಮಗಳನ್ನು ಮತ್ತೆ ಕೆಳಗೆ ಹೋಗಬಿಟ್ಟೆ. ಅಂದಿನಿಂದ ಸಂಜೆ ಮನೆಗೆ ಬಂದೊಡನೆ ಫೋನನ್ನು ಒಳಗಿಟ್ಟು ಮಗಳ ಪಕ್ಕ ಕೂರತೊಡಗಿದೆ. ಅವಳು ಆಗೊಂದು ಈಗೊಂದು ಮಾತಾಡಿದಳು. ಉಳಿದದ್ದೆಲ್ಲ ಕೆಳಮನೆಗೇ.

ಹೋದ ವರ್ಷ ಬಾಯಮ್ಮ ಹೃದಯಾಘಾತದಿಂದ ತೀರಿಕೊಂಡರು. ಉಳ್ಳಾಲದಲ್ಲಿ, ತಂಗಿಯ ಊರಿನ ಇಗರ್ಜಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಶವಪೆಟ್ಟಿಗೆಯ ಮುಂದೆ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮುಚ್ಚಿಡುವುದೇಕೆ, ನಾನು ಸತ್ತರೆ ಇವಳು ಇಷ್ಟು ಅಳುವಳೇ ಎಂದು ಆಗಲೂ ಯೋಚಿಸಿದೆ.

ಹೊರಗೆ ಬಸ್‌ಸ್ಟಾಪಿನಲ್ಲಿ ಅವಳು ಕಣ್ಣೊರೆಸಿಕೊಂಡಳು.

“ಅಮ್ಮ, ಬಾಯಮ್ಮನ ಹತ್ತಿರ ಮಾತ್ರ ಹೇಳಿದ್ದು ಒಂದುಂಟು. ನಿನಗೂ ಹೇಳ್ಲಾ?”

ಹಂಪನಕಟ್ಟೆಯ ಬಸ್ಸು ಬಂದು ನಿಂತಿತು. ಹತ್ತಲಿಲ್ಲ. ಅದರ ಹಿಂದೆಯೇ ಬಂದ ಇನ್ನೊಂದನ್ನೂ ಬಿಟ್ಟೆವು.